ಊರಿನ ಚರ್ಚಲ್ಲಿದ್ದ ಖುಷಿ ಬೆಂಗಳೂರಿನ್ಯಾಗ ಸಿಗವಲ್ದು, ಏನ್ ಮಾಡ್ಲಿ?

ಬೆಟಗೇರಿ_ಹುಡುಗಿ

ಎಲ್ಲಾರಿಗೂ ವಂದನೆಗಳು. ಭಾಳ ದಿನದಿಂದ ಕೇಳಬೇಕಂತ ಮಾಡಿದ್ದೆ, ಇವತ್ತ ಬರದೇ ಬಿಡ್ತೀನಿ. ನಾ ಗದಗ-ಬೆಟಗೇರಿಯಾಕಿ, ನಮ್ಮ ಮುತ್ತಜ್ಜನ ಕಾಲದಿಂದ ಸ್ವಿಟ್ಜರ್ಲೆಂಡಿಂದ ಬಂದ ಬಾಸೆಲ್ ಮಿಷನ್ ಸಭೆಯವ್ರು ನಾವು, ಈಗ ಸಿಎಸ್‌ಐ, ಅಂದ್ರ ದಕ್ಷಿಣ ಭಾರತ ಸಭೆ. ಕೆಲಸಕ್ಕಂತ ಬೆಂಗಳೂರಿಗೆ ಬಂದು ಎರಡೂವರಿ ವರ್ಷ ಆತು, ವೈಟ್‌ಫೀಲ್ಡ್ ಕಡೆ ಪಿಜಿ ಒಳಗ ಇರ್ತೀನಿ.

ಊರಾಗ ಇದ್ದಾಗ ಸಂಡೇ ಬಂತಂದ್ರ ಯಾರೂ ಎಬ್ಬಸೂದ ಬ್ಯಾಡಾಗಿತ್ತು. ಮೊದಲ್ನೇ ಗಂಟಿ ಹೊಡಿಯೂದ್ರಾಗ ಅವ್ವ ಅಡಿಗಿ ಮುಗಿಸಿರ್ತಿದ್ಲು, ಅಜ್ಜಿ ತನ್ನ ಸತ್ಯವೇದಾನ ಹಳೇ ಇಳಕಲ್ ಸೀರಿ ತುಣುಕಿನ್ಯಾಗ ಸುತ್ತಿ ಕಂಕಳಾಗ ಇಟ್ಕೊಂಡು ಹೊಸ್ತಿಲದಾಗ ನಿಂತು ನಡೀರಿ ನಡೀರಿ ಅಂತಿದ್ಲು. ಎಡಕ್ಕ ಮೂರನೇ ಬೆಂಚು ನಮ್ದು, ಯಾರೂ ಬರದಿಟ್ಟಿದ್ದಿಲ್ಲ ಆದ್ರ ಎಲ್ಲಾರಿಗೂ ಗೊತ್ತಿತ್ತು. ಪ್ರಸಂಗ ಶುರು ಆದ ಕೂಡ್ಲೆ ಅಜ್ಜಿ ಸೆರಗಿನ ಗಂಟ ಬಿಚ್ಚಿ ಕಲ್ಲಸಕ್ರಿ ತಗದು ನಮ್ಮ ಸಾಲಿನ್ಯಾಗ ಎಷ್ಟ ಹುಡುಗ್ರು ಕುಂತಾರೋ ಅಷ್ಟೂ ಮಂದಿಗೆ ಒಂದೊಂದ ಹಳಕು ಕೊಡಾಕಿ, ಯಾರ ಮಕ್ಳು ಅಂತ ನೋಡ್ತಿದ್ದಿಲ್ಲ. ಅದು ಬಾಯಾಗ ಕರಗೂ ತನಕ ನಾವೆಲ್ಲಾ ಸುಮ್ಮ ಕುಂತಿರ್ತಿದ್ವಿ. ಆಮ್ಯಾಲೆ ಹೊರಗ ಬೇವಿನ ಗಿಡದ ಕೆಳಗ ಮಾತಾಡಿ ಮಾತಾಡಿ ಮನಿ ಮುಟ್ಟೂದ್ರಾಗ ಒಂದೂವರಿ.

ಇಲ್ಲಿ ಆಫೀಸಿನ ಫ್ರೆಂಡ್ ಒಬ್ಬಾಕಿ ಒಂದ್ ದೊಡ್ಡ ಇಂಗ್ಲಿಷ್ ಚರ್ಚಿಗೆ ಕರ್ಕೊಂಡ್ ಹೋದ್ಲು. ಎಸಿ ಹಾಲ್, ದೊಡ್ಡ ಸ್ಕ್ರೀನ್, ಗಿಟಾರ್ ಡ್ರಮ್ಸ್, ಹಾಡು ಚೊಲೋ ಇರ್ತಾವ ಪ್ರಸಂಗಾನೂ ಚೊಲೋ ಇರ್ತೈತಿ, ಅದರ ಮ್ಯಾಲೆ ನಂದೇನೂ ದೂರಿಲ್ರಿ. ಎಂಟ್ ತಿಂಗಳ ಹೋದೆ. ಎಂಟನೇ ತಿಂಗಳನೂ ಬಾಗಿಲದಾಗ ನಿಂತಿದ್ದ ಹುಡುಗ ನಕ್ಕು ಕಾರ್ಡ್ ಕೊಟ್ಟು ಫಸ್ಟ್ ಟೈಮಾ ಅಂತ ಕೇಳಿದ. ಅವಂದೇನ ತಪ್ಪಿಲ್ಲ, ಅಷ್ಟ ಮಂದಿ ಬರ್ತಾರ.

ಹೋದ ಮಾರ್ಚ್‌ನ್ಯಾಗ ಅಜ್ಜಿ ತೀರ್ಕೊಂಡ್ಲು. ಮಣ್ಣ ಮುಗಿಸ್ಕೊಂಡು ಬಂದು ಮರು ಸಂಡೇ ಅದ ಹಾಲಿನ್ಯಾಗ ಕುಂತಿದ್ದೆ, ಸುತ್ತೂ ಕಡೆ ಕೈ ಎತ್ತಿ ಹಾಡಾಕತ್ತಿದ್ರು, ನನಗ ಒಂದ ಶಬ್ದನೂ ಬಾಯಿಂದ ಹೊರಡ್ಲಿಲ್ಲ, ನನ್ನ ಅಜ್ಜಿ ಸತ್ತಾಳ ಅಂತ ಹೇಳಾಕ ಆ ಹಾಲಿನ್ಯಾಗ ಒಬ್ಬರೂ ಇರ್ಲಿಲ್ಲ. ಅವತ್ತಿಂದ ಹೋಗೂದ ಬಿಟ್ಟೀನಿ. ಪ್ರಾರ್ಥನಿ ಮಾಡ್ತೀನಿ, ಆದ್ರ ಸಂಡೇ ಮುಂಜಾನೆ ಎದ್ದು ಗೋಡಿ ನೋಡ್ಕೋತ ಬಿದ್ದಿರ್ತೀನಿ.

ನನ್ನ ಪ್ರಶ್ನೆ ಇಷ್ಟ. ಊರಾಗಿನ ಆ ಸಂತೋಷ ಯೇಸು ಸ್ವಾಮಿ ಮ್ಯಾಲಿನ ನಂಬಿಕಿಯಿಂದ ಬಂದದ್ದೋ, ಇಲ್ಲಾ ಬರೇ ಅಜ್ಜಿ, ಬೆಂಚು, ಬೇವಿನ ಗಿಡದ್ದೋ? ಬರೇ ಊರಿಂದು ಅನ್ನೂದಾದ್ರ ನನಗ ನಂಬಿಕಿ ಅಂತ ಇತ್ತೋ ಇಲ್ಲೋ ಅಂತ ಅಂಜಿಕಿ ಆಗ್ತೈತಿ.

ಮೈಸೂರ್_ಆಂಟಿ

ನೋಡಮ್ಮ, ಮೊದ್ಲು ನಿಮ್ಮ ಅಜ್ಜಿ ವಿಷ್ಯ ಓದಿ ನಂಗೆ ಕಣ್ಣಲ್ಲಿ ನೀರು ಬಂತು. ಇಲ್ಲಿ ಬರೆದ್ಯಲ್ಲ, ಈಗ ನಮಗೆ ಗೊತ್ತಾಯ್ತು, ಇವತ್ತು ರಾತ್ರಿ ನಿನ್ನ ಹೆಸ್ರು ಗೊತ್ತಿಲ್ದೆ ಇದ್ರೂ ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ.

ನಾನು ಹುಟ್ಟಿ ಬೆಳೆದಿದ್ದು ಮೈಸೂರಲ್ಲಿ, ವೆಸ್ಲಿ ಕೆಥೀಡ್ರಲ್ ಸಭೆ. ಮದುವೆ ಆಗಿ ಬೆಂಗಳೂರಿಗೆ ಬಂದು 31 ವರ್ಷ ಆಯ್ತು. ಕನ್ನಡ ಸಭೆಗೇ ಬಂದೆ, ನಿನ್ನ ಥರ ಇಂಗ್ಲಿಷ್ ಚರ್ಚಿಗಲ್ಲ, ಆದ್ರೂ ಆರು ತಿಂಗಳು ನನ್ ಹತ್ರ ಯಾರೂ ಸರಿಯಾಗಿ ಮಾತಾಡ್ಲಿಲ್ಲಮ್ಮ. ಎಲ್ಲಾ ಅವ್ರವ್ರ ನೆಂಟರ ಜೊತೆ ನಿಂತ್ಕೊಂಡ್ಬಿಡೋರು, ನಾನು ಯಜಮಾನ್ರು ಸ್ಕೂಟರ್ ತೆಗಿಯೋ ತನಕ ಗೇಟ್ ಹತ್ರ ಒಬ್ಳೇ ನಿಂತಿರ್ತಿದ್ದೆ. ಒಂದಿನ, ತಿಂಗಳ ಮೊದಲ್ನೇ ಭಾನುವಾರ, ರೊಟ್ಟಿ ದ್ರಾಕ್ಷಾರಸ ಕೊಡೋ ಕರ್ತನ ಭೋಜನದ ಆರಾಧನೆ ಮುಗಿದ ಮೇಲೆ ವಯಸ್ಸಾದ ಒಬ್ಬ ಟೀಚರಮ್ಮ ವೆಸ್ಟ್ರಿ, ಅಂದ್ರೆ ಚರ್ಚಿನ ಪಾತ್ರೆ ಬಟ್ಟೆ ಇಡೋ ರೂಮಿನ ಬಾಗಿಲಿಂದ ಕೈ ಬೀಸಿ ಕರೆದ್ರು. ಬಾಮ್ಮ ಈ ಬಟ್ಟೆ ಮಡಿಸ್ಕೊಡು ಅಂದ್ರು. ಅಷ್ಟೇ ಅವ್ರು ಹೇಳಿದ್ದು.

ಒಳಗೆ ಹೋದೆ. ಬೆಳ್ಳಿ ಪಾತ್ರೆಗೆ ಮೊದ್ಲು ಬರೀ ನೀರು ಹಾಕಿ ಸುತ್ತಾ ಆಡಿಸಿ ಆ ನೀರನ್ನ ಮೋರಿಗೆ ಚೆಲ್ಲದೆ ಹಿಂದುಗಡೆ ದಾಸವಾಳದ ಗಿಡದ ಬುಡಕ್ಕೆ ಹಾಕಿದ್ರು, ಆಮೇಲೆ ತೊಳೆದ್ರು, ದ್ರಾಕ್ಷಾರಸದ ಕಲೆ ಆದ ಬಿಳಿ ಬಟ್ಟೆನ ತಣ್ಣೀರಲ್ಲೇ ನೆನೆಸ್ಬೇಕು ಬಿಸಿನೀರು ತಾಕಿಸ್ಬಾರ್ದು ಕಲೆ ಕೂತ್ಕೊಂಡ್ಬಿಡುತ್ತೆ ಅಂತ ಹೇಳ್ಕೊಟ್ರು. ಮುಂದಿನ ತಿಂಗಳು ಅವ್ರು ಕರಿಯೋಕ್ ಮುಂಚೆನೇ ಹೋದೆ. ಆ ಪುಟ್ಟ ರೂಮಲ್ಲಿ ಪಾತ್ರೆ ಒರೆಸ್ತಾ ಒರೆಸ್ತಾ ನಾನು ಮಗು ನಿಲ್ಲದೆ ಇದ್ದಿದ್ದನ್ನ ಅವ್ರ ಹತ್ರ ಹೇಳ್ಕೊಂಡೆ, ನಮ್ಮಮ್ಮನ ಹತ್ರ ಕೂಡ ಹೇಳಿರ್ಲಿಲ್ಲ. ಅವ್ರು ಒದ್ದೆ ಕೈಯಲ್ಲೇ ನನ್ನ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿದ್ರು. ಅವತ್ತಿಂದ ಅದು ನನ್ನ ಸಭೆ.

ಅದಕ್ಕೇ ಹೇಳೋದು, ಸಭೇಲಿ ಒಂದು ಚಿಕ್ಕ ಕೆಲ್ಸ ಕೇಳಿ ತಗೋ. ಹೂವ ಜೋಡ್ಸೋದು, ಸಂಡೇ ಸ್ಕೂಲ್ ಮಕ್ಕಳಿಗೆ ಚಿತ್ರ ಕತ್ತರಿಸಿಕೊಡೋದು, ಏನಾದ್ರೂ. ಕೂತು ಎದ್ದು ಹೋಗೋರಿಗೆ ಖುಷಿ ಸಿಗೋದು ಕಷ್ಟ.

ಆಮೇಲೆ ನಿನ್ನ ಪ್ರಶ್ನೆ. 42ನೇ ಕೀರ್ತನೆ ತೆಗೆದು ಓದು. ಅದನ್ನ ಬರೆದೋನು ಊರಿಂದ ದೂರ ಇದ್ದಾನೆ, ಹಗಲು ರಾತ್ರಿ ಕಣ್ಣೀರೇ ಊಟ ಆಗಿದೆ ಅಂತಾನೆ, ಆಗ ಅವ್ನಿಗೆ ಏನು ನೆನಪಾಗುತ್ತೆ ಗೊತ್ತಾ, ಹಬ್ಬದ ಜನಗಳ ಗುಂಪಿನ ಜೊತೆ ಹಾಡ್ಕೊಂಡು ದೇವರ ಆಲಯಕ್ಕೆ ಹೋಗ್ತಿದ್ದಿದ್ದು. ಜನ, ದಾರಿ, ಹಾಡು. ಅದನ್ನ ನೆನೆಸ್ಕೊಂಡೇ ಅವ್ನು ಜೀವಸ್ವರೂಪನಾದ ದೇವರಿಗಾಗಿ ಬಾಯಾರಿದ್ದೀನಿ ಅಂತಾನೆ. ನಿಮ್ಮ ಅಜ್ಜಿ ಕಲ್ಲುಸಕ್ಕರೆನೂ ದೇವ್ರ ಪ್ರೀತಿನೂ ಬೇರೆ ಬೇರೆ ಮಾಡಿ ತೂಗಬೇಡಮ್ಮ. ದೇವ್ರು ನಿನಗೆ ಕೊಟ್ಟಿದ್ದೇ ಆ ಕೈಯಿಂದ.

ಕನ್ನಡ ಆರಾಧನೆ ಬೇಕಂದ್ರೆ ಕಾರ್ಪೊರೇಷನ್ ಹತ್ರ ಹಡ್ಸನ್ ಮೆಮೋರಿಯಲ್ ಇದೆ, 1904ರದ್ದು. ಅವೆನ್ಯೂ ರೋಡಲ್ಲಿ ರೈಸ್ ಮೆಮೋರಿಯಲ್ ಇದೆ, ಹಳೇ ಶಾಸನಗಳನ್ನ ಸಂಗ್ರಹಿಸಿದ ಬಿ.ಎಲ್. ರೈಸ್ ಇದ್ರಲ್ಲ, ಅವ್ರ ತಂದೆ ಹೆಸರಿಂದು.

ಬಲ್ಮಠದ_ತಮ್ಮ

ಆಂಟಿ ಹೇಳಿದ್ದಕ್ಕೆ ನಂದೂ ಆಮೆನ್. ನಾನು ಮಂಗಳೂರಿನವ, ನಮ್ಮದೂ ಬಾಸೆಲ್ ಮಿಷನ್ನೇ, ಹಾಗಾಗಿ ಅಕ್ಕ ನೀವು ನಮ್ಮ ಸಂಬಂಧವೇ ಆಯ್ತು ಒಂದು ಲೆಕ್ಕದಲ್ಲಿ.

ಬೆಂಚು, ಗಿಡ, ಅಜ್ಜಿ ಅದೆಲ್ಲ ನಂಬಿಕೆಯ ಹೊರಗಿನದ್ದು ಅಂತ ನಿಮಗೆ ಯಾಕೆ ಕಾಣ್ತದೆ ಅಂತ ನನಗೆ ಗೊತ್ತಾಗುದಿಲ್ಲ. 1834ರ ಅಕ್ಟೋಬರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅಂತ ಬಾಸೆಲ್ ಮಿಷನ್ನಿನ ಮೂರು ಜನ ಮಿಷನರಿಗಳು ಮಂಗಳೂರಿಗೆ ಬಂದದ್ದು. ಆ ಮೇಲೆ ಸಭೆಗೆ ಸೇರಿದವರಿಗೆ ಏನಾಯ್ತು, ಮನೆ ಹೋಯ್ತು, ಕುಲಕಸುಬು ಹೋಯ್ತು, ಸ್ವಂತದವರು ನೀರು ಕೊಡದ ಹಾಗೆ ಆಯ್ತು. ಅವರಿಗೆ ಬರೀ ಪ್ರಸಂಗ ಸಾಕಾಗ್ತಿತ್ತಾ? ನೇಯ್ಗೆ ಫ್ಯಾಕ್ಟರಿ ಬಂತು, 1865ರಲ್ಲಿ ಹಂಚಿನ ಫ್ಯಾಕ್ಟರಿ ಬಂತು, ಇರ್ಲಿಕ್ಕೆ ಮನೆ ಆಯ್ತು. ನಮ್ಮ ಹಿರಿಯರಿಗೆ ಸುವಾರ್ತೆ ಬಂದದ್ದೇ ಮನೆ, ಕೆಲಸ, ಪಕ್ಕದಲ್ಲಿ ಕೂತುಕೊಳ್ಳುವ ಜನ ಎಲ್ಲ ಒಟ್ಟಿಗೆ ಸೇರಿಸಿಕೊಂಡು. ನನ್ನ ಅಜ್ಜ ಹಂಚಿನ ಫ್ಯಾಕ್ಟರಿಯಲ್ಲಿ ಇದ್ದವರು, ಅವರಿಗೆ ಇದೆರಡು ಬೇರೆ ಅಂತ ಹೇಳಿದ್ರೆ ಅರ್ಥವೇ ಆಗ್ತಿರ್ಲಿಲ್ಲ.

ನಮ್ಮಲ್ಲಿ ಬೆಳೆ ಹಬ್ಬ ಅಂತ ಉಂಟಲ್ಲ, ಆರಾಧನೆ ಮುಗಿದ ಮೇಲೆ ಕಾಣಿಕೆಗೆ ಬಂದದ್ದನ್ನೆಲ್ಲ ಏಲಂ ಮಾಡುದು. ನಾನು ಹತ್ತನೇ ಕ್ಲಾಸಲ್ಲಿದ್ದಾಗ ನೋಡಿದ್ದು ಈಗಲೂ ಕಣ್ಣ ಮುಂದೆ ಉಂಟು. ಒಬ್ಬರೇ ಇದ್ದ ಒಂದು ಅಜ್ಜಿ ನಾಲ್ಕು ಊರಕೋಳಿ ಮೊಟ್ಟೆ ತಂದಿದ್ರು, ಬಾಳೆಲೆಯಲ್ಲಿ ಬೈಹುಲ್ಲು ಇಟ್ಟು. ಒಬ್ಬರು ಇನ್ನೂರಕ್ಕೆ ತಕ್ಕೊಂಡ್ರು, ವಾಪಸ್ ಮೇಜಿನ ಮೇಲೆ ಇಟ್ಟು ಪುನಃ ಏಲಂ ಮಾಡಿ ಅಂದ್ರು. ಇನ್ನೊಬ್ಬರು ಮುನ್ನೂರಕ್ಕೆ ತಕ್ಕೊಂಡ್ರು, ಅವರೂ ವಾಪಸ್ ಇಟ್ರು. ಹೀಗೆ ಐದು ಸಲ ಆಯ್ತು, ಕಡೆಗೆ ತಕ್ಕೊಂಡವರು ಆ ಮೊಟ್ಟೆಯನ್ನು ಅಜ್ಜಿಯ ಮಡಿಲಿಗೇ ಇಟ್ರು. ಅಜ್ಜಿ ಎದ್ದು ನಿಂತು ಎಲ್ಲರಿಗೂ ಕೈ ಮುಗಿದ್ರು, ಕೂತುಕೊಳ್ಳಲೇ ಇಲ್ಲ ತುಂಬ ಹೊತ್ತು. ಪರಲೋಕ ಹೇಗಿರ್ತದೆ ಅಂತ ಯಾರಾದ್ರೂ ಕೇಳಿದ್ರೆ ನನಗೆ ಆ ಹಾಲ್ ನೆನಪಾಗುದು.

ಹಾಗೆ ಒಂದು ಸಭೆ ಹುಡುಕಿ ಅಕ್ಕ. ಸಣ್ಣದಾದ್ರೂ ಅಡ್ಡಿಲ್ಲ.

ಹೊಸಬ_ಮಂಡ್ಯ

ಎಲ್ರೂ ಹೇಳಿದ್ದು ಓದ್ದೆ, ಒಂದು ವಿಷ್ಯಕ್ಕೆ ನಂದು ಬೇರೆ ಅನುಭವ ಇದೆ ಅದನ್ನ ಹೇಳ್ಬೇಕು ಅನ್ನಿಸ್ತು. ನಮ್ಮ ಮನೇಲಿ ಯಾರೂ ಕ್ರೈಸ್ತರಲ್ಲ. ನಾನು ಕಾಲೇಜಲ್ಲಿ ರೂಮ್‌ಮೇಟ್ ಕೊಟ್ಟ ಹೊಸ ಒಡಂಬಡಿಕೆ ಓದಿ ಯೇಸುನ ನಂಬಿದೋನು. ನನಗೆ ಬೆಂಚೂ ಇಲ್ಲ ಗಂಟೆನೂ ಇಲ್ಲ ಅಜ್ಜಿ ಹಾಡೂ ಇಲ್ಲ, ನಮ್ಮಜ್ಜಿ ಈಗ್ಲೂ ನನ್ ಮೇಲೆ ಮುನಿಸ್ಕೊಂಡವ್ರೆ, ಆದ್ರೂ ಅಕ್ಕ ನನಗೆ ಆ ಸಂತೋಷ ಗೊತ್ತು. ಹಂಗಾಗಿ ಅದು ಬರೀ ಊರಿನ ನೆನಪು ಆಗಿದ್ರೆ ನನ್ನಂಥೋನಿಗೆ ಎಲ್ಲಿಂದ ಬರ್ಬೇಕಿತ್ತು ಹೇಳಿ. ನಿಮ್ಮ ಅಂಜಿಕೆಗೆ ನಾನೇ ಉತ್ತರ ಅನ್ಕೊಳಿ.

ಇನ್ನು ಆಂಟಿ ಕೆಲ್ಸ ತಗೋ ಅಂದ್ರು. ತಪ್ಪು ತಿಳ್ಕೋಬೇಡಿ ಆಂಟಿ, ನಾನು ಒಂದು ದೊಡ್ಡ ಚರ್ಚಲ್ಲಿ ಒಂದು ವರ್ಷ ಪಾರ್ಕಿಂಗ್ ಡ್ಯೂಟಿ ಮಾಡಿದ್ದೀನಿ, ಬಿಸ್ಲಲ್ಲಿ ನಿಂತು ಗಾಡಿ ಬಿಡಿಸಿದ್ದೀನಿ, ಸಂತೋಷವಾಗೇ ಮಾಡ್ದೆ, ಆದ್ರೆ ನನ್ನ ಹೆಸ್ರು ಯಾರಿಗೂ ಗೊತ್ತಾಗ್ಲಿಲ್ಲ. ಕೆಲ್ಸ ಕೊಟ್ಟು ಜನ ಕೊಡ್ದೇ ಇದ್ರೆ ಆಗಲ್ಲ. ನನಗೆ ದಾರಿ ಆಗಿದ್ದು ಅದೇ ಚರ್ಚಿನ ಬುಧವಾರದ ಹೌಸ್ ಗ್ರೂಪು. ಕೆ.ಆರ್. ಪುರದಲ್ಲಿ ಒಬ್ರ ಮನೆ, ಒಂಬತ್ತು ಜನ, ಚಾಪೆ ಮೇಲೆ ಕೂರ್ತೀವಿ, ಒಬ್ಬೊಬ್ರು ವಾರದಲ್ಲಿ ಏನಾಯ್ತು ಅಂತ ಹೇಳ್ತೀವಿ, ವಚನ ಓದ್ತೀವಿ, ಆಮೇಲೆ ಅನ್ನ ಸಾರು. ನನಗೆ ಡೆಂಗಿ ಬಂದು ಆಸ್ಪತ್ರೆ ಸೇರ್ದಾಗ ರಾತ್ರಿ ಹೊತ್ತು ಸರದಿ ಮೇಲೆ ಬಂದು ಕೂತಿದ್ದು ಅವ್ರೇ, ನಮ್ಮಪ್ಪ ಮಂಡ್ಯದಿಂದ ಬಂದಾಗ ನನ್ನ ಮಂಚದ ಪಕ್ಕ ಗಂಜಿ ಕುಡಿಸ್ತಾ ಇದ್ದಿದ್ದು ಗುಂಪಿನ ಅಣ್ಣ ಒಬ್ರು. ಅಪ್ಪ ಏನೂ ಮಾತಾಡ್ಲಿಲ್ಲ, ಆ ಲೋಟ ತಗೊಂಡು ತಾವೇ ಕುಡಿಸೋಕೆ ಶುರು ಮಾಡಿದ್ರು, ಹೋಗುವಾಗ ಆ ಅಣ್ಣನ ಫೋನ್ ನಂಬರ್ ಇಸ್ಕೊಂಡು ಹೋದ್ರು.

ಸಂತೋಷಪಡುವವರ ಸಂಗಡ ಸಂತೋಷಪಡಿರಿ, ಅಳುವವರ ಸಂಗಡ ಅಳಿರಿ ಅಂತ ರೋಮಾಪುರದವ್ರಿಗೆ ಬರೆದಿದ್ದಾರಲ್ಲ, ಸಾವಿರ ಜನ ಕೂತಿರೋ ಹಾಲಲ್ಲಿ ಯಾರು ಅಳ್ತಾ ಇದ್ದಾರೆ ಅಂತಾನೇ ಗೊತ್ತಾಗಲ್ಲ, ಚಾಪೆ ಮೇಲೆ ಗೊತ್ತಾಗುತ್ತೆ. ಹಂಗಾಗಿ ದೊಡ್ಡ ಚರ್ಚ್ ಬಿಟ್ಟೇ ಬಿಡಿ ಅಂತ ನಾನು ಹೇಳಲ್ಲ, ಅದ್ರೊಳಗಿನ ಚಿಕ್ಕ ಗುಂಪು ಹುಡುಕಿ.

ಮೈಸೂರ್_ಆಂಟಿ

ಸರಿಯಾಗಿ ಹೇಳ್ದೆ ಕಣಪ್ಪ. ನನ್ನನ್ನ ಹಿಡಿದು ನಿಲ್ಲಿಸಿದ್ದು ಪಾತ್ರೆ ತೊಳೆಯೋ ಕೆಲ್ಸ ಅಲ್ಲ, ಪಕ್ಕದಲ್ಲಿ ನಿಂತು ತೊಳೀತಿದ್ದ ಆ ಟೀಚರಮ್ಮ. ನಿಮ್ಮ ಅಜ್ಜಿಗೋಸ್ಕರನೂ ಪ್ರಾರ್ಥನೆ ಮಾಡ್ತೀನಿ ಮಗಾ, ಅವ್ರ ಮುನಿಸು ಕರಗ್ಲಿ.

ಕಾರ್ಕಳ_ಟು_ದುಬೈ

ನಾವು ಕೆಥೊಲಿಕ್, ಮನೆಯಲ್ಲಿ ಕೊಂಕಣಿ. ದುಬೈಗೆ ನರ್ಸ್ ಆಗಿ ಬಂದಾಗ ನನ್ನ ಸ್ಥಿತಿಯೂ ಇದೇ. ಔದ್ ಮೇಥಾದ ಸೇಂಟ್ ಮೇರೀಸ್‌ನಲ್ಲಿ, 1967ರಿಂದ ಇರುವ ಚರ್ಚ್ ಅದು, ಆಗ ಇಲ್ಲಿ ವಾರದ ರಜೆ ಶುಕ್ರವಾರ, ಅವತ್ತು ಪೂಜೆಯ ಮೇಲೆ ಪೂಜೆ, ಒಂದು ಗುಂಪು ಹೊರಗೆ ಬರ್ತಾ ಇರುವಾಗಲೇ ಇನ್ನೊಂದು ಗುಂಪು ಒಳಗೆ. ಅಲ್ಲಿ ಯಾರು ಯಾರನ್ನು ಗುರುತು ಹಿಡಿಯುದು. ನಮ್ಮ ಅಮ್ಮ ಫೋನಲ್ಲಿ ಒಂದೇ ಮಾತು ಹೇಳಿದ್ದು, ಒಂದೇ ಪೂಜೆಗೆ ಹೋಗು, ಒಂದೇ ಜಾಗದಲ್ಲಿ ಕೂತುಕೋ, ತಿಂಗಳುಗಟ್ಟಲೆ. ಹಾಗೇ ಮಾಡಿದೆ. ಬಲಬದಿಯ ಫ್ಯಾನಿನ ಕೆಳಗೆ. ನೈಟ್ ಡ್ಯೂಟಿಯಿಂದ ಎರಡು ವಾರ ಹೋಗ್ಲಿಕ್ಕೆ ಆಗ್ಲಿಲ್ಲ, ಮೂರನೇ ವಾರ ಪಕ್ಕದಲ್ಲಿ ಯಾವಾಗಲೂ ಕೂತುಕೊಳ್ಳುವ ಫಿಲಿಪೀನ್ಸಿನ ಹೆಂಗಸು ನನ್ನ ಕೈ ಹಿಡಿದು ಎಲ್ಲಿ ಹೋಗಿದ್ದೆ, ಹುಷಾರಿದ್ದೀಯಾ ಅಂತ ಕೇಳಿದ್ರು. ನಾವು ಹೆಸರೂ ಹೇಳಿಕೊಂಡಿರ್ಲಿಲ್ಲ ಅಷ್ಟರವರೆಗೆ.

ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ, ನಮ್ಮಲ್ಲಿ ಹೊಸ ತೆನೆಯ ಹಬ್ಬವೂ ಅದೇ. ಆ ವರ್ಷ ಊರಿಂದ ಬಂದವರು ಪಾದ್ರಿಗಳು ಆಶೀರ್ವಾದ ಮಾಡಿದ ತೆನೆ ತಂದುಕೊಟ್ಟಿದ್ರು, ಒಂದೇ ಒಂದು ತೆನೆ. ಭತ್ತ ಸುಲಿದು ಪುಡಿ ಮಾಡಿ ಪಾಯಸಕ್ಕೆ ಹಾಕಿ ನಮ್ಮ ಫ್ಲ್ಯಾಟಿನ ಆರು ಜನರಿಗೂ ಆ ಫಿಲಿಪೀನ್ಸ್ ಅಕ್ಕನಿಗೂ ಕೊಟ್ಟೆ. ಊರಲ್ಲಿ ಎಷ್ಟೋ ಸಲ ಉಂಡಿದ್ದೇನೆ, ಅಷ್ಟು ರುಚಿ ಯಾವತ್ತೂ ಇರ್ಲಿಲ್ಲ. ಹುಡುಗಿ, ನೀವೂ ಜಾಗ ಬದಲಿಸಬೇಡಿ, ಒಂದು ಕಡೆ ಕೂತುಕೊಳ್ಳಿ.

ಬೆಟಗೇರಿ_ಹುಡುಗಿ

ಎಲ್ಲಾರದೂ ಎರಡೆರಡ ಸಲ ಓದೀನ್ರಿ. ಹೊಸಬ ಅಣ್ಣ ಬರದದ್ದ ಓದಿ ಭಾಳ ಹೊತ್ತು ಫೋನ್ ಕೆಳಗಿಟ್ಟು ಕುಂತಿದ್ದೆ. ಅವರಿಗೆ ಇಲ್ಲದ್ದನ್ನ ನನಗ ಹುಟ್ಟಿದಾಗಿಂದ ಕೊಟ್ಟಾನ ದೇವ್ರು, ನಾ ಅದನ್ನ ಅನುಮಾನ ಮಾಡಾಕತ್ತಿದ್ದೆ.

ನಿನ್ನೆ ಸಂಡೇ ಮೆಟ್ರೋ ಪರ್ಪಲ್ ಲೈನ್ ಹತ್ತಿ ಒಂದ್ ಕನ್ನಡ ಆರಾಧನಿಗೆ ಹೋಗಿ ಬಂದೆ. ಲೇಟಾಗಿ ಹೋದೆ, ಹಿಂದಿನ ಬೆಂಚಿನ್ಯಾಗ ಕುಂತೆ. ಗೀತೆ ನಂಬರ್ ಹೇಳಿದ್ರು, ಆರ್ಗನ್ ಶುರು ಆತು, ಅದ ರಾಗ, ನಮ್ಮೂರಾಗಿನಕಿಂತ ಒಂದೀಟು ಸಾವಕಾಶ ಹಾಡ್ತಾರ. ಪುಸ್ತಕ ಇರ್ಲಿಲ್ಲ ನನ್ನ ಕೈಯಾಗ, ಆದ್ರ ನಾಕೂ ಚರಣ ಬಾಯಿಂದ ತಾವಾಗೇ ಬಂದ್ವು, ಮಾರ್ಚ್‌ನ್ಯಾಗ ಹೊರಡದ ಧ್ವನಿ ಹೊರಟ್ತು. ಅಳುನೂ ಬಂತು. ಬಾಜೂ ಕುಂತ ಅಮ್ಮಾರು ಏನೂ ಕೇಳ್ಲಿಲ್ಲ, ತಮ್ಮ ಪುಸ್ತಕ ನಮ್ಮಿಬ್ಬರ ನಡುವ ಸರಿಸಿ ಹಿಡಿದ್ರು.

ಮುಗದ ಮ್ಯಾಲೆ ಎಲ್ಲಿಯವ್ರಮ್ಮ ಅಂದ್ರು. ಬೆಟಗೇರಿ ಅಂದೆ. ಅಜ್ಜಿದೂ ಹೇಳಿದೆ, ಅಲ್ಲೇ ಮೆಟ್ಟಲ ಮ್ಯಾಲೆ ನಿಂತು. ಆಂಟಿ ಹೇಳಿದ್ರಲ್ಲ ಅಂತ ಧೈರ್ಯ ಮಾಡಿ, ನನಗೇನರ ಕೆಲಸ ಇದ್ರ ಹೇಳ್ರಿ ಅಂತನೂ ಕೇಳಿದೆ. ಹೆಸರು, ಫೋನ್ ನಂಬರ್ ಒಂದ್ ಚೀಟಿಯಾಗ ಬರ್ಕೊಂಡ್ರು, ಮುಂದಿನ ಭಾನುವಾರ ಎಂಟಕ್ಕ ಬಂದ್ಬಿಡು, ಹೂವಿನ ಕೆಲಸಕ್ಕ ನಾವಿಬ್ಬರ ಇರೋದು, ಮೂರನೇ ಕೈ ಬೇಕಾಗಿತ್ತು ಅಂದ್ರು.