ಪ್ರಶ್ನೋತ್ತರ: ಫೋಟೋ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಏಕಿದೆ?

ಅಡ್ಮಿನ್: ಬಳ್ಳಾರಿಯಲ್ಲಿ ಸರ್ವರ್ ನೋಡಿಕೊಳ್ಳುವ ಮೇಡಂ ಇಂದು ಸಂಜೆ ಗುಂಪಿನಲ್ಲಿ ಇರುತ್ತಾರೆ. ಫಾರ್ಮ್ ಮೂಲಕ ಫೈಲ್ ಪಡೆಯುವುದರ ಬಗ್ಗೆ ಮಾತ್ರ ಕೇಳಿ. ಶುಭ ಸಂಜೆಯ ಹೂವಿನ ಚಿತ್ರಗಳು ಬೇಡ.

ಸಿಂಧನೂರು: ಮೇಡಂ, ಭತ್ತದ ವ್ಯಾಪಾರಿಯೊಬ್ಬರಿಗೆ ಫಾರ್ಮ್ ಮಾಡಿಕೊಟ್ಟಿದ್ದೇನೆ. ರೈತರು ಹೆಸರು, ಊರು ತುಂಬಿ ಕಾಳಿನ ಫೋಟೋ ಹಾಕುತ್ತಾರೆ. ಹೆಸರು ಬರುತ್ತದೆ, ಫೋಟೋ ಬರುವುದಿಲ್ಲ.

ಮೇಡಂ: ಫಾರ್ಮ್ ಟ್ಯಾಗಿನಲ್ಲಿ ಎನ್‌ಕ್‌ಟೈಪ್ (ಮಾಹಿತಿ ಯಾವ ರೂಪದಲ್ಲಿ ಹೋಗಬೇಕೆಂಬ ಸೂಚನೆ) ಮಲ್ಟಿಪಾರ್ಟ್ ಎಂದು ಇದೆಯೇ? ಇಲ್ಲದಿದ್ದರೆ ಬ್ರೌಸರ್ ಫೈಲಿನ ಹೆಸರನ್ನಷ್ಟೇ ಕಳುಹಿಸುತ್ತದೆ.

ಸಿಂಧನೂರು: ಇದೆ. ಕೆಲವರದು ಬರುತ್ತದೆ, ಕೆಲವರದು ಇಲ್ಲ. ಒಬ್ಬರು ಆರು ಫೋಟೋ ಹಾಕಿದಾಗ ಹೆಸರೂ ಬರಲಿಲ್ಲ.

ಮೇಡಂ: ಹಾಗಾದರೆ ಗಾತ್ರದ ತೊಂದರೆ. ಫಾರ್ಮನ್ನು ಸರ್ವರಿನಲ್ಲಿ ಪಡೆಯುವ ಕೋಡಿನ ಭಾಷೆ ಪಿಎಚ್‌ಪಿ; ಅದರಲ್ಲಿ ನೀವು ಏನೂ ಬದಲಿಸದಿದ್ದರೆ ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ ಮಿತಿ. 2 ದಾಟಿದರೆ ಎರರ್ ಸಂಖ್ಯೆ 1 ಬರುತ್ತದೆ. ನೀವು ಅದನ್ನು ನೋಡುತ್ತಲೇ ಇಲ್ಲ. 8 ದಾಟಿದರೆ ಹೆಸರು, ಊರು, ಫೋಟೋ ಎಲ್ಲವೂ ಖಾಲಿ. ಪಿಎಚ್‌ಪಿಯ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರದು ಬೇರೆ ಮಿತಿ, 1 ಎಂಬಿ. 413, ಅಂದರೆ ಗಾತ್ರ ಹೆಚ್ಚಾಯಿತು, ಎಂದು ಹೇಳಿ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ಇರುವ ಮಿತಿಗಳನ್ನೆಲ್ಲ ಏರಿಸಿ.

ಕುಷ್ಟಗಿ: ಫೈಲಿನ ಹೆಸರು ಕನ್ನಡದಲ್ಲಿದ್ದರೆ ಡೌನ್‌ಲೋಡ್ ಮಾಡುವಾಗ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಏನು ಮಾಡಬೇಕು?

ಮಾನ್ವಿ ಕಂಪ್ಯೂಟರ್ ಸೆಂಟರ್: ಮಿತಿ ಏರಿಸುವುದು ಏಕೆ? ರೈತರು ನಮ್ಮ ಅಂಗಡಿಗೆ ಬರಲಿ. ಹತ್ತು ರೂಪಾಯಿಗೆ 50 ಕೆಬಿ ಮಾಡಿಕೊಡುತ್ತೇವೆ.

ಸಿಂಧನೂರು: ಅಣ್ಣಾ, 50 ಕೆಬಿಯಲ್ಲಿ ಕಾಳು ಯಾವುದು, ಕಲ್ಲು ಯಾವುದು ಎಂದು ತಿಳಿಯುವುದಿಲ್ಲ.

ಸಿರುಗುಪ್ಪ: ನನಗೆ ಫೋಲ್ಡರಿಗೆ ಬರೆಯಲು ಅನುಮತಿ ಇಲ್ಲ ಎಂದು ಬರುತ್ತಿದೆ.

ಲಿಂಗಸುಗೂರು: (ಫಾರ್ವರ್ಡ್ ಆಗಿ ಬಂದದ್ದು) ಅಪ್‌ಲೋಡ್ ಸಮಸ್ಯೆಗೆ ಒಂದೇ ಮದ್ದು! ಫೋಲ್ಡರಿಗೆ 777 ಕೊಡಿ, ಎಲ್ಲವೂ ಸರಿಹೋಗುತ್ತದೆ. ಹತ್ತು ಜನರಿಗೆ ತಿಳಿಸಿ.

ಮೇಡಂ: ಹತ್ತು ಜನರಿಗೆ ತಿಳಿಸಬೇಡಿ, ಒಬ್ಬರಿಗೂ ತಿಳಿಸಬೇಡಿ. 777 ಎಂದರೆ ಆ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ಆ ಫೋಲ್ಡರಿನಲ್ಲಿ ಬರೆಯಬಹುದು. ಸಿರುಗುಪ್ಪದವರೇ, ವೆಬ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಆತನನ್ನು ಫೋಲ್ಡರಿನ ಒಡೆಯನನ್ನಾಗಿ ಮಾಡಿ. 755 ಸಾಕು, ಆಗ ಒಡೆಯ ಮಾತ್ರ ಬರೆಯಬಹುದು.

ಕೊಪ್ಪಳ: ಅಕ್ಕಾ, ಒಂದು ಕಾಲೇಜಿನ ಪ್ರವೇಶದ ಫಾರ್ಮ್ ನಾನೇ ಬರೆದದ್ದು. ಮಕ್ಕಳು ಫೋಟೋ, ಅಂಕಪಟ್ಟಿ, ಆಧಾರ್ ಪ್ರತಿ ಹಾಕುತ್ತಾರೆ. ಇಂದು ಅಪ್‌ಲೋಡ್ ಫೋಲ್ಡರಿನಲ್ಲಿ 'ಫೋಟೋ.ಪಿಎಚ್‌ಪಿ' ಎಂಬ ಫೈಲ್ ಕಂಡಿತು, 3 ಕೆಬಿ ಇದೆ. ನಾನು ಬರೆದದ್ದಲ್ಲ. ಗೂಗಲ್‌ನಲ್ಲಿ ಕಾಲೇಜಿನ ಹೆಸರು ಹುಡುಕಿದರೆ ಯಾವುದೋ ಶೂ ಮಾರಾಟದ ಪುಟಗಳು ಬರುತ್ತಿವೆ. ಆ ಫೈಲನ್ನು ಅಳಿಸಿಬಿಟ್ಟರೆ ಸಾಕಲ್ಲವೇ?

ಮೇಡಂ: ಅಳಿಸಬೇಡ. ಬ್ರೌಸರಿನಲ್ಲಿ ತೆರೆಯಲೂ ಬೇಡ. ಪಠ್ಯವಾಗಿ ತೆರೆದು ನೋಡು, 'ಇವ್ಯಾಲ್', 'ಬೇಸ್64' ಎಂಬ ಪದಗಳಿವೆಯೇ? ಮರೆಮಾಚಿದ ಕೋಡನ್ನು ಬಿಡಿಸಿ ಓಡಿಸಲು ಬಳಸುವ ಪದಗಳು ಅವು.

ಕೊಪ್ಪಳ: ಎರಡೂ ಇವೆ. ಉಳಿದದ್ದೆಲ್ಲ ಅರ್ಥವಿಲ್ಲದ ಅಕ್ಷರಗಳು.

ಮೇಡಂ: ತಮ್ಮಾ, ನಿನ್ನ ಫಾರ್ಮಿನ ಮೂಲಕವೇ ಯಾರೋ ಒಳಗೆ ಬಂದಿದ್ದಾರೆ. ಮೊದಲು ಸೈಟ್ ನಿಲ್ಲಿಸು. ಫೋಲ್ಡರನ್ನೂ ಲಾಗ್‌ಗಳನ್ನೂ (ಯಾರು ಯಾವಾಗ ಬಂದರೆಂಬ ಸರ್ವರಿನ ದಾಖಲೆ) ಇದ್ದ ಹಾಗೆಯೇ ನಕಲು ಮಾಡಿ ಬೇರೆಡೆ ಇಡು. ಆಮೇಲೆ ಲಾಗಿನಲ್ಲಿ ಆ ಫೈಲಿನ ಹೆಸರಿಗೆ ಬಂದ ಪೋಸ್ಟ್ ವಿನಂತಿಗಳನ್ನು, ಅಂದರೆ ಮಾಹಿತಿ ಕಳುಹಿಸುವ ವಿನಂತಿಗಳನ್ನು, ಹುಡುಕು. ಅದು ಇರುವುದು ಫೋಟೋ ಫೋಲ್ಡರಿನಲ್ಲಾದರೂ ಅದರ ಕೈ ಇಡೀ ಸೈಟಿಗೆ ಎಟುಕುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಅವರ ಬಳಿ ಇದೆ ಎಂದೇ ಲೆಕ್ಕ, ಎಲ್ಲವನ್ನೂ ಬದಲಿಸು. ಬೇರೆ ಹೆಸರಿನಲ್ಲಿ ಇನ್ನೂ ನಾಲ್ಕು ಮರಿಗಳನ್ನು ಬಿಟ್ಟು ಹೋಗಿರಬಹುದು. ಆದ್ದರಿಂದ ಒಂದನ್ನು ಅಳಿಸಿ ಸುಮ್ಮನಾಗಬೇಡ. ಇದು ಬರುವುದಕ್ಕೆ ಮೊದಲಿನ ಬ್ಯಾಕಪ್ಪಿನಿಂದ ಸೈಟನ್ನು ಮತ್ತೆ ಕಟ್ಟು. ಆಡಳಿತ ಮಂಡಳಿಗೆ ಇಂದೇ ತಿಳಿಸು. ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ.

ಚಿತ್ರವೇ ಎಂದು ಹೇಗೆ ಪರೀಕ್ಷಿಸುತ್ತಿದ್ದೆ?

ಕೊಪ್ಪಳ: ಟೈಪ್ 'ಇಮೇಜ್/ಜೆಪೆಗ್' ಆಗಿದ್ದರೆ ಮಾತ್ರ ಒಳಗೆ ಬಿಡುತ್ತಿದ್ದೆ, ಅಕ್ಕಾ.

ಮೇಡಂ: ಆ ಟೈಪನ್ನು ಬರೆದು ಕಳುಹಿಸುವವನು ಬಂದವನೇ. ಕಳ್ಳನನ್ನೇ 'ನೀನು ಯಾರು' ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡಂತಾಯಿತು. ಫಾರ್ಮಿನಲ್ಲಿ ಜಾವಾಸ್ಕ್ರಿಪ್ಟ್ ಹಾಕಿ ತಡೆದಿದ್ದೇನೆ ಎನ್ನಬೇಡ, ಅವನು ನಿನ್ನ ಪುಟವನ್ನು ತೆರೆದೇ ಇರುವುದಿಲ್ಲ. ಒಪ್ಪುವ ಎಕ್ಸ್‌ಟೆನ್ಷನ್‌ಗಳ (ಫೈಲ್ ಹೆಸರಿನ ಕೊನೆಯ ಅಕ್ಷರಗಳ) ಪಟ್ಟಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ನಿರಾಕರಿಸು. ಒಳಗಿನ ಬೈಟ್‌ಗಳನ್ನು ಎಫ್‌ಇನ್ಫೋದಿಂದ (ಫೈಲಿನ ಬಗೆ ಗುರುತಿಸುವ ಪಿಎಚ್‌ಪಿಯ ಸಾಧನ) ನೋಡು. ಅದೊಂದನ್ನೇ ನಂಬಬೇಡ, ನಿಜವಾದ ಜೆಪೆಗ್‌ನ ಬಾಲಕ್ಕೂ ಪಿಎಚ್‌ಪಿ ಅಂಟಿಸಬಹುದು. ಅದಕ್ಕೇ ಫೋಟೋವನ್ನು ಪಿಎಚ್‌ಪಿಯ ಚಿತ್ರ ಲೈಬ್ರರಿಯಾದ ಜಿಡಿಯಿಂದ ಹೊಸದಾಗಿ ಬರೆಯಿಸಿಕೋ. ಫೋನ್ ಸೇರಿಸಿದ ಜಿಪಿಎಸ್ ಜಾಗವೂ ಅದರಿಂದ ಉದುರಿಹೋಗುತ್ತದೆ. ಯಾವ ಹುಡುಗಿಯ ಮನೆ ಎಲ್ಲಿದೆ ಎಂಬುದು ಕಾಲೇಜಿನ ಫೋಟೋದಲ್ಲಿ ಕೂತಿರಬೇಕಾಗಿಲ್ಲ. ಅವರು ಕೊಟ್ಟ ಹೆಸರನ್ನು ಬಿಟ್ಟು ನೀನೇ ಯಾದೃಚ್ಛಿಕ ಹೆಸರು ಕೊಡು. ಎಲ್ಲಕ್ಕಿಂತ ಮುಖ್ಯವಾಗಿ ಫೋಲ್ಡರನ್ನು ಪಬ್ಲಿಕ್ ಎಚ್‌ಟಿಎಂಎಲ್‌ನ (ವೆಬ್‌ಗೆ ತೆರೆದಿರುವ ಫೋಲ್ಡರಿನ) ಹೊರಗೆ ಇಡು. ಆಗ ವಿಳಾಸ ಹೊಡೆದು ಅದನ್ನು ಓಡಿಸಲಾಗುವುದಿಲ್ಲ, ಆಧಾರ್ ಪ್ರತಿಯೂ ದಾರಿಹೋಕರಿಗೆ ಸಿಗುವುದಿಲ್ಲ.

ದೇವದುರ್ಗ: ಮೇಡಂ, ಹೆಸರು ಬರುತ್ತದೆ, ಫೋಟೋ ಬರುವುದಿಲ್ಲ.

ಮೇಡಂ: ಮೇಲೆ ಓದಿ.

ಕುಷ್ಟಗಿ: ಕನ್ನಡ ಹೆಸರಿನ ಬಗ್ಗೆ ಕೇಳಿದ್ದೆ.

ಲಿಂಗಸುಗೂರು: ಕೊಪ್ಪಳದವರು ಒಂದು ಉಚಿತ ಆಂಟಿವೈರಸ್ ಹಾಕಿಕೊಂಡರೆ ಮುಗಿಯಿತು. ಲಿಂಕ್ ಕಳುಹಿಸಲೇ?

ಮೇಡಂ: ಬೇಡ. ಆ ಲಿಂಕನ್ನು ನೀವು ಒತ್ತಿ ನೋಡಿದ್ದೀರಾ? ನಿಮಗೆ ಕಳುಹಿಸಿದವರು ಒತ್ತಿ ನೋಡಿದ್ದಾರೆಯೇ?

ಲಿಂಗಸುಗೂರು: ಸಹಾಯ ಮಾಡಲು ಬಂದರೆ ಹೀಗೆ ಮಾತನಾಡುತ್ತೀರಿ.

ಮಾನ್ವಿ ಕಂಪ್ಯೂಟರ್ ಸೆಂಟರ್: ಅದಕ್ಕೇ ಹೇಳಿದೆ, ಚಿಕ್ಕ ಫೈಲ್ ಇದ್ದರೆ ಈ ತಾಪತ್ರಯವೇ ಇಲ್ಲ. 50 ಕೆಬಿಯಲ್ಲಿ ವೈರಸ್ ಹಿಡಿಸುವುದಿಲ್ಲ.

ಸಿಂಧನೂರು: ಅವನ ಫೈಲ್ ಇದ್ದದ್ದೇ 3 ಕೆಬಿ! ನಿಮಗೆ ಹತ್ತು ರೂಪಾಯಿ ಬಿಟ್ಟು ಬೇರೇನೂ ಕಾಣುವುದಿಲ್ಲವೇ? ಫೋಟೋವನ್ನು ರೈತನ ಫೋನಿನಲ್ಲೇ, ಬ್ರೌಸರ್ ಒಳಗೇ ಚಿಕ್ಕದು ಮಾಡಿ ಕಳುಹಿಸಬಹುದು.

ಮಾನ್ವಿ ಕಂಪ್ಯೂಟರ್ ಸೆಂಟರ್: ನೀವು ಫಾರ್ಮಿಗೆ ಎಷ್ಟು ತೆಗೆದುಕೊಂಡಿರಿ ಎಂದೂ ಹೇಳಿ. ನಾವು ಅಂಗಡಿಗೆ ಬಾಡಿಗೆ ಕಟ್ಟುತ್ತೇವೆ, ಗಂಟೆಗೊಮ್ಮೆ ಹೋಗುವ ಕರೆಂಟಿಗೆ ಯುಪಿಎಸ್ ಇಟ್ಟಿದ್ದೇವೆ. ಮುದುಕರಿಗೆ ಫಾರ್ಮ್ ತುಂಬಿಕೊಡುವವರು ನಾವು, ನೀವಲ್ಲ.

ಸಿಂಧನೂರು: ತುಂಬಿಕೊಟ್ಟು ಅವರ ಆಧಾರ್ ಪ್ರತಿಗಳನ್ನು ಅಂಗಡಿಯ ಡೆಸ್ಕ್‌ಟಾಪ್ ಮೇಲೆಯೇ ಬಿಡುವವರೂ ನೀವೇ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಯಲಬುರ್ಗಾ: ಮೇಡಂ, 413 ಎಂದರೆ ಏನು?

ಮೇಡಂ: ಮೇಲೆ ಇದೆ. ಓದುವವರು ಯಾರೂ ಇಲ್ಲವೇ ಇಲ್ಲಿ?

ಕೊಪ್ಪಳ: ಅಕ್ಕಾ, ಲಾಗ್ ಸಿಕ್ಕಿತು. ಒಂದೇ ವಿಳಾಸದಿಂದ ರಾತ್ರಿ 2:47ಕ್ಕೆ ಶುರುವಾಗಿ 14 ಸಲ ಪೋಸ್ಟ್ ಆಗಿದೆ. ಮೊದಲನೆಯದು ಆಗಿ ಐದು ವಾರವಾಯಿತು. ಆಡಳಿತ ಮಂಡಳಿಯವರು ಪ್ರವೇಶ ಮುಗಿಯುವವರೆಗೆ ಸೈಟ್ ನಿಲ್ಲಿಸಬೇಡ ಎನ್ನುತ್ತಿದ್ದಾರೆ.

ಮೇಡಂ: ಫೋಲ್ಡರಿನಲ್ಲಿ ಎಷ್ಟು ಮಕ್ಕಳ ಆಧಾರ್ ಇದೆ ಎಂದು ಎಣಿಸಿ ಅವರಿಗೆ ಹೇಳು. ಆಗಲೂ ಒಪ್ಪದಿದ್ದರೆ ನನಗೆ ಫೋನ್ ಮಾಡು, ನಾನೇ ಮಾತನಾಡುತ್ತೇನೆ. ಗುಂಪಿನಲ್ಲಿ ಕಾಲೇಜಿನ ಹೆಸರು ಹಾಕಬೇಡ.

ಕುಷ್ಟಗಿ: ಕನ್ನಡ ಹೆಸರಿನ ಪ್ರಶ್ನೆ ಹಾಗೆಯೇ ಉಳಿಯಿತು.

ಲಿಂಗಸುಗೂರು: ಯಾವ ಕಾಲೇಜು?