ಒಂಬತ್ತು ಹೇಂಟೆಗೆ ಐದು ಹುಂಜ ಜಾಸ್ತಿ ಅಲ್ವಾ?

ದೊಡ್ಡಮ್ಮ: (ಫೋಟೋ) ಈ ಕಂದು ಕೋಳಿಯ ಬೆನ್ನು ನೋಡಿ, ಪುಕ್ಕವೇ ಇಲ್ಲ. ಏನಾದರೂ ರೋಗ ಬಂತಾ?

ಅಣ್ಣ: ಪುಕ್ಕ ಉದುರುವ ಕಾಲ ಇರಬೇಕು ದೊಡ್ಡಮ್ಮ. ತಾನಾಗಿ ಬರುತ್ತದೆ ಬಿಡಿ.

ನಾನು: ಅಣ್ಣಾ, ಫೋಟೋ ದೊಡ್ಡದು ಮಾಡಿ ನೋಡು. ಬೋಳಾಗಿರುವುದು ಬೆನ್ನಿನ ನಡು ಮತ್ತು ತಲೆಯ ಹಿಂಭಾಗ ಮಾತ್ರ. ಅಂಚಿನ ಪುಕ್ಕಗಳು ಅರ್ಧಕ್ಕೆ ಮುರಿದಿವೆ. ಹುಂಜ ಮೆಟ್ಟುವಾಗ, ಅಂದರೆ ಕೂಡಲು ಹೇಂಟೆಯ ಬೆನ್ನೇರಿದಾಗ, ಕೊಕ್ಕಿನಲ್ಲಿ ತಲೆಯ ಹಿಂದೆ ಕಚ್ಚಿ ಹಿಡಿಯುತ್ತದೆ, ಕಾಲೂರುವುದು ಬೆನ್ನ ಮೇಲೆ. ದೊಡ್ಡಮ್ಮ, ರೆಕ್ಕೆ ಎತ್ತಿ ಪಕ್ಕೆ ನೋಡುತ್ತೀರಾ? ಅಲ್ಲಿ ಗಾಯ ಆದರೆ ಹೊರಗೆ ಗೊತ್ತೇ ಆಗುವುದಿಲ್ಲ.

ದೊಡ್ಡಮ್ಮ: ಅಯ್ಯೋ, ಹೌದಮ್ಮ. ಎಡ ರೆಕ್ಕೆ ಕೆಳಗೆ ಬೆರಳುದ್ದ ಸೀಳಿದೆ. ರಕ್ತ ಒಣಗಿ ಅಂಟಿಕೊಂಡಿದೆ.

ನಾನು: ಹುಂಜದ ಕಾಲಿನ ಮುಳ್ಳು ತಾಗಿರುವುದು. ಕಂದು ಕೋಳಿಯನ್ನು ಈಗಲೇ ಬೇರೆ ಇಡಿ. ರಕ್ತ ಕಂಡರೆ ಉಳಿದ ಕೋಳಿಗಳೂ ಅಲ್ಲೇ ಕುಕ್ಕುತ್ತವೆ. ಸೀಳು ಆಳ ಇದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು.

ಚಿಕ್ಕಪ್ಪ: ಹುಂಜ ಅಂದ ಮೇಲೆ ಮೆಟ್ಟದೆ ಇರುತ್ತದಾ? ಐದೂ ನಮ್ಮ ಗೂಡಿನಲ್ಲೇ ಹುಟ್ಟಿ ಒಟ್ಟಿಗೆ ಬೆಳೆದವು. ಒಂದನ್ನೂ ಕೊಡುವ ಮಾತು ಎತ್ತಬೇಡಿ.

ನಾನು: ಚಿಕ್ಕಪ್ಪಾ, ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮಲ್ಲಿ ಒಂಬತ್ತಕ್ಕೆ ಐದು! ಒಟ್ಟಿಗೆ ಬೆಳೆದ ಸ್ನೇಹ ಕೂಗು ಶುರುವಾಗುವ ತನಕ. ಆಮೇಲೆ ಪೈಪೋಟಿ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಹತ್ತುತ್ತದೆ. ಸಾಧು ಕೋಳಿಗೇ ಎಲ್ಲದರ ಕಾಟ. ಕಂದು ಕೋಳಿ ಮೂರು ಹೊತ್ತೂ ಅಟ್ಟಣಿಗೆ ಮೇಲೆ ಯಾಕೆ ಕೂತಿರುತ್ತದೆ ಅಂದುಕೊಂಡಿರಿ? ಕೆಳಗೆ ಇಳಿಯಲು ಭಯ. ನೀರಿಗೂ ಇಳಿಯುತ್ತಿಲ್ಲ.

ಅತ್ತಿಗೆ: ಹುಂಜ ಕಮ್ಮಿ ಮಾಡಿದರೆ ಮೊಟ್ಟೆ ಕಮ್ಮಿ ಆಗುವುದಿಲ್ವಾ?

ನಾನು: ಇಲ್ಲ ಅತ್ತಿಗೆ. ಹುಂಜವೇ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು, ಅದಕ್ಕೂ ಒಂದೇ ಸಾಕು. ಹೀಗೆ ಹೆದರಿ ಬದುಕಿದರೆ ಮೊಟ್ಟೆ ಕಮ್ಮಿ ಆಗುವುದು.

ಅಣ್ಣ: ಮುಂದಿನ ಸಲ ದುಂಡು ಮೊಟ್ಟೆ ಮಾತ್ರ ಕಾವಿಗೆ ಇಡೋಣ. ಚೂಪು ಮೊಟ್ಟೆಯಲ್ಲಿ ಹುಂಜ ಬರುತ್ತದೆ ಅಂತಾರಲ್ಲ.

ನಾನು: ಅದನ್ನು ನಂಬಬೇಡ. ಆಕಾರ ನೋಡಿ ಗಂಡೋ ಹೆಣ್ಣೋ ಹೇಳಲು ಆಗುವುದಿಲ್ಲ. ಹೇಗೆ ಆರಿಸಿದರೂ ಹೆಚ್ಚುಕಮ್ಮಿ ಅರ್ಧ ಹುಂಜವೇ. ಆ ಅರ್ಧಕ್ಕೆ ಏನು ದಾರಿ ಅಂತ ಕಾವಿಗೆ ಕೂರಿಸುವ ಮೊದಲೇ ಯೋಚಿಸಬೇಕು, 21 ದಿನ ಆದ ಮೇಲೆ ಅಲ್ಲ.

ದೊಡ್ಡಮ್ಮ: ಪಕ್ಕದ ಮನೆಯವರಿಗೂ ಬೆಳಗಿನ ಜಾವದ ಕೂಗು ಸಾಕಾಗಿದೆ.

ಅಣ್ಣ: ಗೂಡಿಗೆ ಕಪ್ಪು ಬಟ್ಟೆ ಹೊದಿಸಿ, ಬೆಳಕು ಕಾಣದಿದ್ದರೆ ಕೂಗಲ್ಲ.

ನಾನು: ಕೂಗುತ್ತದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನೇ ತೋರಿಸಿದ್ದಾರೆ. ಹಗಲೂ ರಾತ್ರಿ ಒಂದೇ ಮಂದ ಬೆಳಕಿನಲ್ಲಿ ಇಟ್ಟರೂ ಹುಂಜಗಳು ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆ. ಸುಮ್ನೆ ಬಟ್ಟೆ ಹೊದಿಸಿ ಗಾಳಿ ತಡೆಯಬೇಡ.

ಚಿಕ್ಕಪ್ಪ: ಸರಿ, ಒಂದೇ ಇಡುವುದಾದರೆ ಕೆಂಪು ಹುಂಜ. ಅದರ ಬಾಲ ನೋಡಿದ್ದೀರಾ?

ನಾನು: ಬಾಲ ಬೇಡ ಚಿಕ್ಕಪ್ಪಾ, ನಡತೆ ನೋಡಿ. ಒಂದು ಹಿಡಿ ಕಾಳು ಹಾಕಿ ದೂರ ನಿಂತುಕೊಳ್ಳಿ. ಒಳ್ಳೆ ಹುಂಜ ಕಾಳನ್ನು ಕೊಕ್ಕಿನಲ್ಲಿ ಎತ್ತಿ ಎತ್ತಿ ಕೆಳಗೆ ಹಾಕುತ್ತಾ, ಟುಕ್ ಟುಕ್ ಅಂತ ಹೇಂಟೆಗಳನ್ನು ಕರೆಯುತ್ತದೆ. ಅವು ತಿನ್ನುವಾಗ ತಲೆ ಓರೆ ಮಾಡಿ ಒಂದು ಕಣ್ಣಿನಲ್ಲಿ ಆಕಾಶ ನೋಡುತ್ತಾ ಕಾಯುತ್ತದೆ. ಅಂಥದ್ದು ಯಾವುದು?

ದೊಡ್ಡಮ್ಮ: ಬೂದು ಹುಂಜ. ಕೆಂಪು ಹುಂಜ ಕಾಳಿಗೆ ಬಂದ ಕೋಳಿಯನ್ನೇ ಅಟ್ಟಿಸಿಕೊಂಡು ಹೋಗುತ್ತದೆ.

ಚಿಕ್ಕಪ್ಪ: ಹಾಗಾದರೆ ಉಳಿದ ನಾಲ್ಕನ್ನು ಕೊಯ್ಯಬೇಕಾ? ನನ್ನ ಕೈಯಲ್ಲಿ ಆಗುವುದಿಲ್ಲ.

ನಾನು: ನಾನು ಹಾಗೆ ಹೇಳಲೇ ಇಲ್ಲ. ಮೊದಲು ಹುಂಜಗಳನ್ನೇ ಬೇರೆ ಇಟ್ಟು ನೋಡೋಣ. ಹೇಂಟೆ ಕಣ್ಣಿಗೆ ಬೀಳದಿದ್ದರೆ, ಜಾಗ ಧಾರಾಳ ಇದ್ದರೆ, ಒಟ್ಟಿಗೆ ಬೆಳೆದ ಹುಂಜಗಳು ಎಷ್ಟೋ ಸಲ ತಣ್ಣಗೆ ಇರುತ್ತವೆ. ಮೇವು, ನೀರು ಎರಡು ಮೂರು ಕಡೆ ಇಡಬೇಕು. ಅಲ್ಲೂ ರಕ್ತ ಬರುವಂತೆ ಕಾದಾಡಿದರೆ, ಸಾಕುವವರಿಗೆ ಕೊಡುವುದೋ ಅಡುಗೆಗೋ ಅಂತ ನಾವೇ ತೀರ್ಮಾನಿಸಬೇಕು. ಎಲ್ಲಾದರೂ ಕಾಡಿನ ಅಂಚಿಗೆ ಬಿಟ್ಟು ಬರುವುದು ಮಾತ್ರ ಬೇಡ. ನಾಯಿ, ನರಿ ಬಾಯಿಗೆ ಹಾಕಿದಂತೆ.

ಚಿಕ್ಕಪ್ಪ: ಹಿಂದಿನ ಶೆಡ್ಡಿನಿಂದ ಗೂಡು ಕಾಣುವುದಿಲ್ಲ. ಭಾನುವಾರ ತಂತಿ ಬಲೆ ಕಟ್ಟುತ್ತೇನೆ. ಆದರೆ ಕೆಂಪು ಹುಂಜವನ್ನು ಯಾರಿಗೂ ಕೊಡುವುದಿಲ್ಲ, ಈಗಲೇ ಹೇಳಿದ್ದೇನೆ.

ನಾನು: ಆಯ್ತು ಚಿಕ್ಕಪ್ಪಾ. ಕತ್ತಲಾಗಿ ಗೂಡು ಸೇರಿದ ಮೇಲೆ ಹಿಡಿಯಿರಿ, ಗಲಾಟೆ ಇರುವುದಿಲ್ಲ. ನಾಲ್ಕನ್ನೂ ಒಂದೇ ರಾತ್ರಿ ಸಾಗಿಸಿ. ಒಂದೊಂದಾಗಿ ಬಿಟ್ಟರೆ ಮೊದಲು ಹೋದದ್ದು ಜಾಗ ತನ್ನದು ಅಂತ ಉಳಿದವುಗಳ ಮೇಲೆ ಬೀಳುತ್ತದೆ.

ದೊಡ್ಡಮ್ಮ: ಭಾನುವಾರದ ತನಕ ಕಂದು ಕೋಳಿ ನನ್ನ ಅಡುಗೆಮನೆ ಪಕ್ಕ ಬುಟ್ಟಿಯಲ್ಲೇ ಇರಲಿ. ಈಗ ನೀರು ಕುಡಿಯಿತು.