ಕಾರ್ಬುರೇಟರಿನ ‘ಲೀನ್’, ‘ರಿಚ್’ – ಕನ್ನಡದಲ್ಲಿ ಏನನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ. ಗ್ಯಾರೇಜಿನ ಗೋಡೆಗೆ ಅಂಟಿಸುವ ಸೂಚನೆ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು. ಗಾಡಿ ಆರ್‌ಎಕ್ಸ್ 100 (ಯಮಾಹಾದ ಟೂ ಸ್ಟ್ರೋಕ್ ಬೈಕು). ಸಿಲಿಂಡರಿನ ಪೋರ್ಟ್ (ಗಾಳಿ, ಹೊಗೆ ಹಾಯುವ ಕಿಂಡಿ) ಕೊರೆದು, ಸೈಲೆನ್ಸರ್ ಬದಲಿಸಿ, ಕಂಪನಿಯ 20 ಎಂಎಂ ಮಿಕುನಿ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತೆಗೆದು 24 ಎಂಎಂ ಕೂರಿಸಿದ್ದು. ಗಾಳಿಗೆ ಪೆಟ್ರೋಲ್ ಸಾಲದ ‘ಲೀನ್’ಗೆ ‘ತೆಳು ಮಿಶ್ರಣ’, ಮಿತಿಮೀರಿದ ‘ರಿಚ್’ಗೆ ‘ದಟ್ಟ ಮಿಶ್ರಣ’, ‘ಟ್ಯೂನಿಂಗ್’ಗೆ ‘ಶ್ರುತಿ’ ಎಂದು ಹಾಕಿದ್ದೇನೆ. ಆದೀತೆ?

---

> ತೆಳು ಮಿಶ್ರಣ

ಬೇಡ. ಟೂ ಸ್ಟ್ರೋಕ್ ಗಾಡಿಯವರಿಗೆ ಮಿಶ್ರಣ ಅಂದರೆ ಪೆಟ್ರೋಲಿಗೆ ಬೆರೆಸುವ ಆಯಿಲ್. ‘ಮಿಶ್ರಣ ತೆಳುವಾಗಿದೆ’ ಅಂತ ಓದಿದವನು ಟ್ಯಾಂಕಿಗೆ ಇನ್ನಷ್ಟು ಆಯಿಲ್ ಸುರಿಯುತ್ತಾನೆ. ಆಗ ಅದೇ ಜೆಟ್ಟಿನಲ್ಲಿ, ಅಂದರೆ ಅಳತೆಯ ಸಣ್ಣ ತೂತಿನಲ್ಲಿ, ಹಾಯುವ ಪೆಟ್ರೋಲ್ ಮತ್ತೂ ಇಳಿಯುತ್ತದೆ, ಇಂಜಿನ್ ಇನ್ನೂ ಲೀನ್ ಆಗುತ್ತದೆ. ‘ಪೆಟ್ರೋಲ್ ಕಮ್ಮಿ’, ‘ಪೆಟ್ರೋಲ್ ಜಾಸ್ತಿ’ ಅಂತಲೇ ಬರೆಯಿರಿ.

---

ಕಮ್ಮಿ ಪಾರಸಿಯದು, ಜಾಸ್ತಿ ಅರಬಿಯದು. ಲೀನ್ ಬಿಟ್ಟು ಇವನ್ನು ಹಿಡಿದರೆ ಕನ್ನಡಕ್ಕೆ ಬಂದ ಲಾಭವೇನು? ‘ಕೊರತೆ’, ‘ಹೆಚ್ಚು’ ಇವೆ.

‘ಶ್ರುತಿ’ಯಂತೂ ತೀರ ಸಲ್ಲದು. ನಮ್ಮಲ್ಲಿ ‘ಹದ’ ಇದೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಹಳಗನ್ನಡದ ‘ಪದ’ವೇ ‘ಹದ’ವಾಯಿತು, ತಮಿಳಿನ ಪದಂ, ತೆಲುಗಿನ ಪದನು ಇದರ ಒಡಹುಟ್ಟುಗಳು. ಮಾತು ಎಂಬರ್ಥದ ಸಂಸ್ಕೃತದ ‘ಪದ’ ಬೇರೆ, ಎರಡನ್ನೂ ಕಲಸಬೇಡಿ. ಪಾಕಕ್ಕೆ, ಉಳುವ ಮಣ್ಣಿಗೆ, ಕತ್ತಿಯ ಅಲಗಿಗೆ ಸಲ್ಲುವ ‘ಹದ’ ಇಂಜಿನ್ನಿಗೂ ಸಲ್ಲುತ್ತದೆ. ಕಾರ್ಬುರೇಟರನ್ನೂ ‘ಗಾಳಿಬೆರಕ’ ಎನ್ನಬಹುದು.

---

‘ಹದ’ ಒಪ್ಪಿದೆ. ‘ಗಾಳಿಬೆರಕ’ ಬೇಡ, ಬೆರಕೆ ಅಂದೊಡನೆ ಕಲಬೆರಕೆ ಪೆಟ್ರೋಲ್ ನೆನಪಾಗುತ್ತದೆ. ಕಮ್ಮಿ, ಜಾಸ್ತಿ ಉಪ್ಪು ಹುಳಿಯ ಜೊತೆ ಅಡುಗೆಮನೆ ಸೇರಿ ಎಷ್ಟೋ ಕಾಲವಾಯಿತು.

ಪದಕ್ಕಿಂತ ಸಾಲಿನಲ್ಲೇ ತಪ್ಪಾಗುವ ಅಪಾಯ ಹೆಚ್ಚು. ಗಾಳಿ ಹೆಚ್ಚು ಕಮ್ಮಿ ಮಾಡುವ ಸ್ಕ್ರೂಗೆ ‘ಏರ್ ಸ್ಕ್ರೂ ಬಿಚ್ಚಿ’ ಎಂದು ಬರೆದರೆ ಪೂರ್ತಿ ಕಳಚಿ ಕೈಗೆ ತೆಗೆದುಕೊಳ್ಳುತ್ತಾರೆ. ‘ಮೆಲ್ಲಗೆ ಕೊನೆವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ’ ಎನ್ನಿ. ಈ ಮಿಕುನಿಯಲ್ಲಿ ಸ್ಕ್ರೂ ಫಿಲ್ಟರ್ ಕಡೆಗಿದೆ, ಹೊರಗೆ ಬಂದಷ್ಟೂ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇಂಜಿನ್ ಕಡೆ ಸ್ಕ್ರೂ ಇರುವ ಫೋರ್ ಸ್ಟ್ರೋಕ್ ಕಾರ್ಬುರೇಟರುಗಳಲ್ಲಿ ಇದು ತಿರುಗುಮುರುಗು. ಹಾಳೆಯ ಮೇಲೆ ಗಾಡಿಯ ಹೆಸರು ಇರಲೇಬೇಕು.

ಕ್ಲಿಪ್ಪಿನಿಂದ ತೂಗಿ ಪೆಟ್ರೋಲ್ ದಾರಿಯಲ್ಲಿ ಏರಿಳಿಯುವ ಸೂಜಿಯದೂ ಅದೇ ಕಥೆ. ಕ್ಲಿಪ್ ಒಂದು ಗಾಡಿ ಮೇಲಕ್ಕೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಮ್ಮಿಯಾಗುತ್ತದೆ. ‘ಸೂಜಿ ಏರಿಸಿ’ ಎಂದಷ್ಟೇ ಬರೆದರೆ ಅರ್ಧ ಜನ ಕ್ಲಿಪ್ ಏರಿಸುತ್ತಾರೆ. ‘ಕ್ಲಿಪ್ ಕೆಳಗಿನ ಗಾಡಿಗೆ’ ಎನ್ನಿ.

ಮೇನ್ ಜೆಟ್ಟಿನ ಕೆಲಸ ಎಕ್ಸಿಲರೇಟರ್ ಮುಕ್ಕಾಲು ದಾಟಿದ ಮೇಲೆ, ಸೂಜಿಯದು ಕಾಲಿನಿಂದ ಮುಕ್ಕಾಲಿನವರೆಗೆ, ಪೈಲಟ್ ಜೆಟ್ಟಿನದು ಅದಕ್ಕಿಂತ ಕೆಳಗೆ. ದೊಡ್ಡ ಮೇನ್ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ನಂಬರ್ ಇಳಿಸಬೇಕು. ಜಾಸ್ತಿಯಾದರೆ ಹೊಗೆ, ಒದ್ದೆ ಪ್ಲಗ್ಗು, ಅಷ್ಟೇ. ಕಮ್ಮಿಯಾದರೆ ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹೊಸ ಪ್ಲಗ್ ಹಾಕಿ, ಪೂರ್ತಿ ಎಕ್ಸಿಲರೇಟರಿನಲ್ಲಿ ಓಡುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿಯ ಬುಡ ಸುಣ್ಣದಂತೆ ಬಿಳಿಯಾಗಿದ್ದರೆ ಕಮ್ಮಿ, ಕರಿ ಮಸಿ ಹಿಡಿದಿದ್ದರೆ ಜಾಸ್ತಿ, ಬಿಸ್ಕತ್ತಿನ ಕಂದು ಬಂದರೆ ಹದ.

ಇನ್ನೊಂದು ಸಾಲು ಸೇರಿಸಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹದ ಮಾಡಿದ ಗಾಡಿ ಶಿರಾಡಿ ಇಳಿದು ಮಂಗಳೂರಿಗೆ ಹೋದರೆ ಅಲ್ಲಿ ಗಾಳಿ ದಟ್ಟ, ಜೆಟ್ ಮಾತ್ರ ಹಳೆಯದೇ. ಪೆಟ್ರೋಲ್ ಕಮ್ಮಿ ಬೀಳುತ್ತದೆ.

---

> ಕ್ಲಿಪ್ ಒಂದು ಗಾಡಿ ಮೇಲಕ್ಕೆ

ಸೂಜಿಯ ಮೇಲಿನ ಗೀರಿಗೆ ‘ಗಾಡಿ’ ಎಂದರೆ ಓದುವವರು ಬೈಕ್ ಅಂದುಕೊಳ್ಳುತ್ತಾರೆ. ‘ಗೀರು’ ಎಂದು ತಿದ್ದಿ.

---

ತಿದ್ದಿದೆ. ‘ಪೆಟ್ರೋಲ್ ಕಮ್ಮಿ / ಪೆಟ್ರೋಲ್ ಜಾಸ್ತಿ / ಹದ’, ‘ಕ್ಲಿಪ್ ಕೆಳಗಿನ ಗೀರಿಗೆ’. ಮಂಗಳೂರಿನ ಸಾಲನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ. ಎಲ್ಲರಿಗೂ ನನ್ನಿ.

---

‘ಜಾಸ್ತಿ’ಗೆ ನನ್ನ ಒಪ್ಪಿಗೆ ಇಲ್ಲ. ‘ಹೆಚ್ಚು’ ಅಂದರೆ ಯಾವ ಮೆಕ್ಯಾನಿಕ್‌ಗೆ ತಿಳಿಯದು? ಅಚ್ಚಿಗೆ ಹೋಗುವ ಮುನ್ನ ಇನ್ನೊಮ್ಮೆ ಯೋಚಿಸಿ.